32ರ ಮನೆಯಲ್ಲಿ 64

ಅದೇ ಪ್ರೋಗ್ರಾಂ, ಅದೇ ಆಕ್ಸೆಸ್ (ಮೈಕ್ರೋಸಾಫ್ಟಿನ ಡೇಟಾಬೇಸ್) ಫೈಲ್. ಅಕೌಂಟ್ಸ್ ಮೇಡಂ ಅವರ ಹಳೇ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಮಾತ್ರ "ಪ್ರೊವೈಡರ್ ರಿಜಿಸ್ಟರ್ ಆಗಿಲ್ಲ" ಅನ್ನುತ್ತದೆ, ಅಂದರೆ ಆ ಫೈಲನ್ನು ಓದಿಕೊಡುವ ಡ್ರೈವರ್ ಅದಕ್ಕೆ ಸಿಗುತ್ತಿಲ್ಲ.

"ಮೊನ್ನೆ ತಾನೇ ತಂದಿದ್ದು ಸಾರ್, ಹೊಸಾದು" ಅಂದರು. ಹೊಸಾದು ಅನ್ನೋದೇ ತೊಂದರೆ ಅಂತ ಹೇಗೆ ಹೇಳೋದು!

ಬಿಟ್ ಅಂದರೆ ಪ್ರೊಸೆಸರ್ ಒಂದೇ ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ; 32 ಹಳೇ ಕಾಲದ್ದು, 64 ಹೊಸದು. ಪ್ರೋಗ್ರಾಂ 64 ಬಿಟ್ ಆಗಿ ಓಡಿದರೆ ಡ್ರೈವರೂ 64 ಬಿಟ್ಟೇ ಇರಬೇಕು. 32ರದ್ದು ಅಲ್ಲೇ ಇದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಆಕ್ಸೆಸ್ ಫೈಲಿಗೆ ಬಳಸುತ್ತಿದ್ದ ಹಳೇ ಜೆಟ್ ಡ್ರೈವರಿಗಂತೂ 64 ಬಿಟ್ ಆವೃತ್ತಿಯೇ ಇಲ್ಲ. ಸರಿ, ಅದರ ನಂತರ ಬಂದ ಏಸ್ ಡ್ರೈವರಿನ 64 ಹಾಕೋಣ ಅಂದರೆ ಅಲ್ಲಿರುವ ಆಫೀಸ್ 32 ಬಿಟ್. ಇನ್‌ಸ್ಟಾಲರ್ ಒಳಗೇ ಬರಲಿಲ್ಲ.

ಇದಕ್ಕಿಂತ ಮಜಾ ಓಡಿಬಿಸಿ (ಪ್ರೋಗ್ರಾಂಗಳನ್ನು ಡೇಟಾಬೇಸಿಗೆ ಜೋಡಿಸುವ ವ್ಯವಸ್ಥೆ) ಸೆಟ್ಟಿಂಗ್ಸ್. 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಫೋಲ್ಡರಿನೊಳಗೆ ಇರುವುದು 64ರದ್ದು. ಸಿಸ್‌ವಾವ್64 ಒಳಗೆ ಇರುವುದು 32ರದ್ದು! ಎರಡು ಕಡೆಯೂ ಫೈಲಿನ ಹೆಸರು ಒಂದೇ, ಓಡಿಬಿಸಿಎಡಿ32. ಬಾಡಿಗೆದಾರರು ಬದಲಾದರೂ ಗೇಟಿನ ಮೇಲಿನ ಹೆಸರು ತೆಗೆಯದ ಹಾಗೆ. ಸುಮ್ನೆ ಇಟ್ಟಿದ್ದಲ್ಲ, ಸಿಸ್ಟಮ್32 ಅಂತ ಕೋಡಿನಲ್ಲೇ ಬರೆದುಕೊಂಡ ಪ್ರೋಗ್ರಾಂಗಳು ಎಷ್ಟೋ ಇದ್ದವು. ಹೆಸರು ಬದಲಿಸಿದ್ದರೆ ಅವೆಲ್ಲ ಕೈಕೊಡುತ್ತಿದ್ದವು.

ನಮ್ಮ ಕೆಲಸದಲ್ಲಿ ಹೊಸದು ಕಟ್ಟೋದಕ್ಕಿಂತ ಹಳೇದನ್ನು ಸಂಭಾಳಿಸೋದೇ ಜಾಸ್ತಿ, ಅಲ್ವಾ?

ಕೊನೆಗೆ ಪ್ರೋಗ್ರಾಮನ್ನೇ 32 ಬಿಟ್‌ಗೆ ಬಿಲ್ಡ್ ಮಾಡಿ ಕೊಟ್ಟೆ. ಆಫೀಸಿನ ಜೊತೆ ಬಂದ ಡ್ರೈವರೇ ಸಾಕಾಯಿತು.

"ಹಾಗಾದ್ರೆ ಲ್ಯಾಪ್‌ಟಾಪ್ ವಾಪಸ್ ಮಾಡೋದು ಬೇಡ ತಾನೇ?" ಮೇಡಂ ಬಿಲ್ ಕೈಯಲ್ಲೇ ಹಿಡಿದುಕೊಂಡಿದ್ದರು.