ಅಡಿಟಿಪ್ಪಣಿ ಕಾಮಗಾರಿ: ಮೂರನೇ ವಾರ

ಮಾವ ತಮ್ಮೂರಿನ ಶಾಸನಗಳ ಬಗ್ಗೆ ಬರೆದ ಪುಸ್ತಿಕೆಯನ್ನು ಲೇಟೆಕ್ ಎಂಬ ಪುಟಜೋಡಣೆ ತಂತ್ರಾಂಶದಲ್ಲಿ ಜೋಡಿಸುತ್ತಿದ್ದೇನೆ. ಮೊದಲ ಪ್ರೂಫ್ ನೋಡಿದ ಕೂಡಲೇ ಅವರ ತಕರಾರು: "ಇಲ್ಲಿ ಬರೀ 14 ಅಂತ ಹಾಕಿದ್ದೀಯ. ಯಾವ ಪುಸ್ತಕ ಅಂತ ಕೊನೆ ಪುಟಕ್ಕೆ ಹೋಗಿ ನೋಡಬೇಕಾ? ಅಲ್ಲೊಂದು ಬೆರಳು, ಇಲ್ಲೊಂದು ಬೆರಳು ಇಟ್ಕೊಂಡು ಯಾರಪ್ಪ ಓದ್ತಾರೆ?"

ಮಾತು ನಿಜವೇ. ಲೇಟೆಕ್‌ನಲ್ಲಿ ಆಕರಗಳನ್ನು ನೋಡಿಕೊಳ್ಳುವ ಬಿಬ್‌ಲೇಟೆಕ್ ಪ್ಯಾಕೇಜಿನಲ್ಲಿ ಇದಕ್ಕೆಂದೇ 'ಫುಟ್‌ಫುಲ್‌ಸೈಟ್' ಕಮಾಂಡ್ ಇದೆ. ಪುಸ್ತಕದ ಪೂರ್ತಿ ವಿವರ ಪುಟದ ಅಡಿಯಲ್ಲೇ ಬರುತ್ತದೆ. ಖುಷಿಯಲ್ಲಿ ಎಲ್ಲ ಕಡೆ ಅದನ್ನೇ ಹಾಕಿದೆ. ಒಂದೇ ಪುಟದಲ್ಲಿ ಬಿ. ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ 5ನೇ ಸಂಪುಟ, ಹಾಸನ ಜಿಲ್ಲೆ, 1902 ಅಂತ ಐದು ಸಲ ಬಂತು. ಅರ್ಧ ಪುಟ ಟಿಪ್ಪಣಿಗೇ ಹೋಯಿತು. ಹಿಂದಿನ ಸಾಲಲ್ಲಿ ಹೇಳಿದ್ದು ಈ ಕಮಾಂಡಿಗೆ ಲೆಕ್ಕಕ್ಕೇ ಇಲ್ಲ.

ಈಗ ಸ್ಟೈಲನ್ನು 'ವರ್ಬೋಸ್-ಇಬಿಡ್'ಗೆ ಬದಲಿಸಿ, ಟಿಪ್ಪಣಿಗೆ 'ಫುಟ್‌ಸೈಟ್' ಬಳಸುತ್ತಿದ್ದೇನೆ. ಮೊದಲ ಸಲ ಪೂರ್ತಿ ವಿವರ, ಆಮೇಲೆ ಚುಟುಕು; ಹಿಂದಿನ ಟಿಪ್ಪಣಿಯ ಪುಸ್ತಕವೇ ಮತ್ತೆ ಬಂದರೆ ಬರೀ 'ಇಬಿಡ್', ಅಂದರೆ 'ಅದೇ ಪುಸ್ತಕ'. ಮಾವನ ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಓದುವವರೇ ಜಾಸ್ತಿ. ಅದಕ್ಕೇ 'ಸೈಟ್‌ರೀಸೆಟ್' ಆಯ್ಕೆಯಲ್ಲಿ 'ಚಾಪ್ಟರ್' ಅಂತ ಕೊಟ್ಟೆ. ಪ್ರತಿ ಅಧ್ಯಾಯದಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಒಂದು ಸಂಜೆ ಪೂರ್ತಿ ತಿಂದದ್ದು ಪುಟಸಂಖ್ಯೆ. ಇಂಗ್ಲಿಷಿನ ಪೇಜ್ ಗುರುತಿನ ಜಾಗದಲ್ಲಿ 'ಪು.' ಬರುವಂತೆ ಮಾಡಿದ್ದೆ. ಕೆಲವು ಟಿಪ್ಪಣಿಗಳಲ್ಲಿ ಅದು ಬರುತ್ತಿತ್ತು, ಕೆಲವದರಲ್ಲಿ ಮಾಯ. ಫಾಂಟ್ ಬದಲಿಸಿದೆ, ಆಕರಗಳ ಪಟ್ಟಿ ಸಿದ್ಧಪಡಿಸುವ ಬೈಬರ್ ಪ್ರೋಗ್ರಾಮನ್ನು ಮತ್ತೆ ಮತ್ತೆ ಓಡಿಸಿದೆ. ಕೊನೆಗೆ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಒಂದರಲ್ಲಿ 45, ಇನ್ನೊಂದರಲ್ಲಿ ೪೫! ಮಾವ ಟೈಪ್ ಮಾಡಿಕೊಟ್ಟ ಭಾಗದಲ್ಲಿ ಎಲ್ಲವೂ ಕನ್ನಡ ಅಂಕಿ. ಬಿಬ್‌ಲೇಟೆಕ್‌ಗೆ ಅದು ಅಂಕಿ ಅಂತಲೇ ಗೊತ್ತಾಗುವುದಿಲ್ಲ. ಸುಮ್ನೆ ಯಾವುದೋ ಪದ ಅಂದುಕೊಂಡು 'ಪು.' ಬಿಟ್ಟುಬಿಡುತ್ತದೆ. ಅಂಥ ಕಡೆ ಸಂಖ್ಯೆಯ ಮುಂದೆ 'ಪಿಎನ್‌ಓ' ಕಮಾಂಡ್ ಹಾಕಿ ಬಲವಂತವಾಗಿ ತರಿಸಿದೆ.

ಅಧ್ಯಾಯದ ಕೊನೆಯ 'ಮುಂದೆ ಓದಲು' ಭಾಗಕ್ಕೆ, ಪೂರ್ತಿ ವಿವರವನ್ನು ವಾಕ್ಯದ ನಡುವೆಯೇ ತರುವ 'ಫುಲ್‌ಸೈಟ್' ಕಮಾಂಡ್. ಇದು ಕೊನೆಯ ಚುಕ್ಕಿ ಹಾಕುವುದಿಲ್ಲ, ನಾವೇ ಹಾಕಬೇಕು. ಎರಡು ಕಡೆ ಮರೆತಿದ್ದೆ.

ನಿನ್ನೆ ಎರಡನೇ ಪ್ರೂಫ್ ಕೊಟ್ಟೆ. 'ಇಬಿಡ್' ಬದಲು 'ಅದೇ' ಅಂತ ಹಾಕಿದ್ದೆ. ಮಾವ ಕನ್ನಡಕ ಏರಿಸಿ ಕೇಳಿದರು, "ಅದೇ ಅಂದ್ರೆ ಯಾವುದೋ?"