ಮಡಚಿದ ಪೋಸ್ಟರಿಗೂ ದುಡ್ಡಿದೆ

ಇಲ್ಲಿ ಡಾಲಸ್‌ನಲ್ಲಿ, ಪಕ್ಕದ ಮನೆಯ ಹಾಸನದವರ ಹುಡುಗಿ ಮೊನ್ನೆ ಹಳೇ ಸಿನಿಮಾ ಪೋಸ್ಟರ್ ಹರಾಜಿನ ಕ್ಯಾಟಲಾಗ್ ತಿರುವಿಹಾಕುತ್ತಾ ಎರಡು ಪ್ರಶ್ನೆ ಕೇಳಿದಳು. "ಅಂಕಲ್, ಇಷ್ಟು ದುಡ್ಡಿನ ಪೋಸ್ಟರ್‌ನ ಯಾಕೆ ಹಿಂಗೆ ಮಡಚಿಟ್ಟಿದಾರೆ?" ಆಮೇಲೆ, "ಇದರಲ್ಲಿ ಕನ್ನಡ ಪಿಕ್ಚರ್ ಒಂದೂ ಇಲ್ವಲ್ಲ?"

ಮೊದಲನೆಯದಕ್ಕೆ ಉತ್ತರ ಸುಲಭ. 1980ರ ದಶಕದ ಆರಂಭದವರೆಗೆ ಅಮೆರಿಕದ ಪೋಸ್ಟರ್‌ಗಳು ಥಿಯೇಟರಿಗೆ ಹೋಗುತ್ತಿದ್ದದ್ದೇ ಮಡಚಿಕೊಂಡು: ಅಡ್ಡಕ್ಕೆ ಮೂರು ಮಡಿಕೆ, ಉದ್ದಕ್ಕೆ ಒಂದು, ಒಟ್ಟು ಎಂಟು ಭಾಗ. ಹಾಗಾಗಿ 1950ರ ಪೋಸ್ಟರ್ ಒಂದು ಗೆರೆಯೂ ಇಲ್ಲದೆ ನುಣ್ಣಗೆ ಸುರುಳಿಯಲ್ಲಿ ಬಂದರೆ ಖುಷಿಗಿಂತ ಮೊದಲು ಅನುಮಾನ ಬರಬೇಕು. 1940ರಿಂದ ಈಚೆಗೆ ಇವುಗಳ ವಿತರಣೆ ಬಹುಪಾಲು ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಕಂಪನಿಯ ಕೈಯಲ್ಲಿತ್ತು. ಥಿಯೇಟರಿನವರಿಗೆ ಪೋಸ್ಟರ್ ಸಿಗುತ್ತಿದ್ದದ್ದು ಬಾಡಿಗೆಗೆ. ಇದು ಕಂಪನಿಯ ಸ್ವತ್ತು, ಪ್ರದರ್ಶನ ಮುಗಿದ ಕೂಡಲೇ ಮರಳಿಸಬೇಕು ಎಂಬ ಒಕ್ಕಣೆ ಅಂಚಿನಲ್ಲೇ ಅಚ್ಚಾಗಿರುತ್ತದೆ. ಹಾಗೆ ಮರಳಿ ಬಂದು ಗೋಡೌನಿನಲ್ಲಿ ಉಳಿದ ಕಟ್ಟುಗಳಿಂದಲೇ ಇಂದಿನ ಹರಾಜಿಗೆ ಎಷ್ಟೋ ಸರಕು ಬಂದಿದೆ. ಕಲಾಪ್ರೇಮ ಗಿಲಾಪ್ರೇಮ ಏನಲ್ಲ, ಬಾಡಿಗೆ ಲೆಕ್ಕ.

ಅಸಲಿ ಹೌದೋ ಅಲ್ಲವೋ ನೋಡಲು ಮೊದಲು ಟೇಪ್ ಹಿಡಿಯಿರಿ. ಆ ಕಾಲದ 'ಒನ್ ಶೀಟ್', ಅಂದರೆ ಥಿಯೇಟರಿನ ಮಾಮೂಲಿ ಪೋಸ್ಟರ್, 27x41 ಅಂಗುಲ. 27x40 ಆದದ್ದು ಆಮೇಲೆ. ಅಳತೆ ಕಮ್ಮಿ ಬಂದರೆ ಒಂದೋ ಅಂಚು ಕತ್ತರಿಸಿದ್ದಾರೆ, ಇಲ್ಲವೇ ಅದು ನಕಲು. ಕೆಳಗೆ ಬಲಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. 1955ರ ಚಿತ್ರವಾದರೆ '55/' ಎಂದು ಶುರು. ಆ ಸಂಖ್ಯೆಗೂ ಮೊದಲು 'ಆರ್' (R) ಅಕ್ಷರ ಕಂಡರೆ ಅದು ಮರುಬಿಡುಗಡೆಯ ಪೋಸ್ಟರ್, ಬೆಲೆ ಅಲ್ಲಿಗೇ ಇಳಿಯಿತು. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಎಂಬ ಭೂತಗನ್ನಡಿ ಇಟ್ಟು ಅಕ್ಷರಗಳ ಅಂಚು ನೋಡಿ. ಅಸಲಿಯಲ್ಲಿ ಕಂಪನಿ ಹೆಸರು, ಸಣ್ಣ ಅಕ್ಷರಗಳೆಲ್ಲ ಗಟ್ಟಿ ಬಣ್ಣದಲ್ಲಿರುತ್ತವೆ. ಪೋಸ್ಟರಿನ ಫೋಟೋ ತೆಗೆದು ಅಚ್ಚು ಹಾಕಿದ ನಕಲಿನಲ್ಲಿ ಅವೂ ಚುಕ್ಕಿಚುಕ್ಕಿಯಾಗಿ ಒಡೆದಿರುತ್ತವೆ. ಕತ್ತಲೆಯಲ್ಲಿ ಯುವಿ ದೀಪ ಹಿಡಿದಾಗ 1930ರದ್ದು ಎನ್ನುವ ಕಾಗದ ನೀಲಿಬಿಳುಪಾಗಿ ಹೊಳೆದರೆ ಕೈ ಮುಗಿದು ಎದ್ದುಬಿಡಿ. ಆ ಹೊಳಪಿನ ರಾಸಾಯನಿಕ ಆಗ ಕಾಗದಕ್ಕೆ ಸೇರುತ್ತಿರಲಿಲ್ಲ.

ಇನ್ನು ದುಡ್ಡು. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಕೊಂಡವರು ಹರಾಜಿನವರಿಗೆ ಕೊಡುವ 'ಬೈಯರ್ಸ್ ಪ್ರೀಮಿಯಂ' ಸಾಮಾನ್ಯವಾಗಿ ಶೇ. 20ರಿಂದ 25, ಎರಡೂ ಸೇರಿದ ಮೊತ್ತದ ಮೇಲೆ ಡಾಲಸ್‌ನಲ್ಲಿ ಶೇ. 8.25 ಮಾರಾಟ ತೆರಿಗೆ. ಶೇ. 25ರ ಲೆಕ್ಕದಲ್ಲಿ 1,000 ಡಾಲರಿಗೆ ಕೂಗಿದ್ದು ಮನೆಗೆ ಬರುವಾಗ 1,353; ಸಾಗಣೆ ಬೇರೆ. ಪತ್ರಿಕೆಯಲ್ಲಿ ಬರುವ ಭಾರಿ ಮೊತ್ತಗಳೂ ಪ್ರೀಮಿಯಂ ಸೇರಿಸಿದವೇ. 2017ರಲ್ಲಿ ಇದೇ ಊರಿನ ಹರಾಜು ಸಂಸ್ಥೆ ಹೆರಿಟೇಜ್ ಆಕ್ಷನ್ಸ್ 1931ರ 'ಡ್ರ್ಯಾಕುಲಾ' ಪೋಸ್ಟರನ್ನು 5,25,800 ಡಾಲರಿಗೆ ಮಾರಿತಲ್ಲ, ಅದೂ ಹಾಗೇ. ಮಾರುವವರಿಂದಲೂ ಕಮಿಷನ್ ಕಡಿಯುತ್ತಾರೆ. ಒಳ್ಳೆಯ ಮಾಲಿದ್ದರೆ ಅದನ್ನು ಚೌಕಾಸಿ ಮಾಡಬಹುದು, ಕೇಳದವರಿಗೆ ಯಾರೂ ಬಿಡುವುದಿಲ್ಲ.

'ಲಿನನ್ ಬ್ಯಾಕ್' ಎಂದು ಬರೆದಿದ್ದರೆ ಪೋಸ್ಟರಿನ ಹಿಂದೆ ಆಮ್ಲವಿಲ್ಲದ ತೆಳು ಕಾಗದ, ಅದರ ಹಿಂದೆ ಕ್ಯಾನ್ವಾಸ್ ಬಟ್ಟೆ ಅಂಟಿಸಿದ್ದಾರೆ ಎಂದರ್ಥ. ಅಂಟು ಗೋಧಿ ಪಿಷ್ಟದ್ದು, ನೀರಿನಲ್ಲಿ ನೆನೆಸಿ ಬಿಡಿಸಬಹುದು. ಮಡಿಕೆಯಲ್ಲಿ ಹರಿದದ್ದಕ್ಕೆ ಇದೇ ಮದ್ದು. ಆದರೆ ಬ್ಯಾಕಿಂಗ್ ಮಾಡುವಾಗ ಹೊಸ ಬಣ್ಣ ಎಷ್ಟು ಹಚ್ಚಿದರು ಎಂಬುದು ಮುಂದಿನಿಂದ ಸುಲಭಕ್ಕೆ ಕಾಣುವುದಿಲ್ಲ. ಮಾಡಿಸುವ ಮುಂಚಿನ ಫೋಟೋ ಕೇಳಿ ಪಡೆಯಿರಿ.

ಎರಡನೆಯ ಪ್ರಶ್ನೆ, ಕನ್ನಡ ಪಿಕ್ಚರ್ ಯಾಕಿಲ್ಲ ಎನ್ನುವುದು, ಕಷ್ಟದ್ದು. ವಿಚಿತ್ರ ನೋಡಿ, ನಮ್ಮಲ್ಲೂ ಅಂಟು ಗೋಧಿಯದೇ. ಮೈದಾ ಕುದಿಸಿ, ಹುಳ ಹಿಡಿಯದಂತೆ ಚೂರು ಮೈಲುತುತ್ತ ಹಾಕಿ, ಬಕೆಟ್ಟಿನಲ್ಲಿ ಕಲಸಿ ಗೋಡೆಗೆ ಬಳಿಯುತ್ತಿದ್ದರು. ಶುಕ್ರವಾರ ಹೊಸ ಪಿಕ್ಚರ್ ಬಂದರೆ ಹಳೆಯದರ ಮೇಲೇ ಇನ್ನೊಂದು. ಮಳೆಗೆ ಸುಲಿದು ಬಿದ್ದದ್ದು ದನದ ಬಾಯಿಗೆ. ವಾಪಸ್ ಕೊಡಬೇಕೆಂಬ ಲೆಕ್ಕವೇ ಇಲ್ಲದ ಮೇಲೆ ಉಳಿಸುವವರು ಯಾರು? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಚಿತ್ರದ ಪ್ರಿಂಟೇ ಉಳಿದಿಲ್ಲ, ಇನ್ನು ಪೋಸ್ಟರಿನ ಮಾತೆಲ್ಲಿ. ಬೆಂಗಳೂರಿನ ಮೆಜೆಸ್ಟಿಕ್ಕಿನ ಸಾಗರ್, ಕಪಾಲಿ ಥಿಯೇಟರ್‌ಗಳು ನೆಲಸಮವಾದಾಗ ಬಾಲ್ಕನಿ, ಸಿಳ್ಳೆ, ಬ್ಲ್ಯಾಕ್ ಟಿಕೆಟ್ಟಿನ ನೆನಪು ತೋಡಿಕೊಂಡವರು ಬಹಳ. ಒಳಗಿದ್ದ ಕಾಗದ ಪತ್ರ ಎಲ್ಲಿಗೆ ಹೋಯಿತು ಅಂತ ಕೇಳಿದವರು ಕಮ್ಮಿ.

ನಮ್ಮಲ್ಲಿ ಏನಾದರೂ ಉಳಿದಿದ್ದರೆ ಅದು ಗೋಡೆಗೆ ಏರದ ಸರಕು: ಹಂಚಿಕೆದಾರರ ಕಚೇರಿಯ ಶೋಕಾರ್ಡು (ಥಿಯೇಟರಿನ ಒಳಗೆ ಇಡುವ ರಟ್ಟಿನ ಜಾಹೀರಾತು), ಅಜ್ಜಿಯ ಟ್ರಂಕಿನ ತಳಕ್ಕೆ ಹಾಸಿದ ವಾಲ್‌ಪೋಸ್ಟರ್, ಹಾಡಿನ ಪುಸ್ತಕ. ನಿಮ್ಮ ಮನೆಯಲ್ಲಿ ಅಂಥದ್ದು ಸಿಕ್ಕರೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಗೋಂದು ಕಾಗದಕ್ಕೆ ಇಳಿದು ಕಂದು ಕಲೆ ಕೂರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲಾಗದು, ಕೊಳ್ಳುವವರೂ ಮುಟ್ಟುವುದಿಲ್ಲ. ಮಡಚಿದ್ದನ್ನು ಬಿಚ್ಚಿ ಇಸ್ತ್ರಿ ಹಾಕುವ ಸಾಹಸವೂ ಬೇಡ. ಎರಡೂ ಬದಿಯ ಫೋಟೋ ತೆಗೆದು, ಅಳತೆ ಬರೆದಿಟ್ಟು, ಆಮ್ಲವಿಲ್ಲದ ಕಾಗದದ ನಡುವೆ ಮಟ್ಟಸವಾಗಿ ಇಡಿ. ಫ್ರೇಮ್ ಹಾಕಿಸುವುದಾದರೆ ಯುವಿ ತಡೆಯುವ ಗಾಜು ಕೇಳಿ. ಚೌಕಟ್ಟಿಗೆ ಕೂರುವುದಿಲ್ಲ ಅಂತ ಅಂಗಡಿಯವನು ಕೆಳಗಿನ ಅಂಚಿಗೆ ಕತ್ತರಿ ಹಾಕಲು ಬಂದರೆ ಬಿಡಬೇಡಿ. ಮದರಾಸೋ ಶಿವಕಾಶಿಯೋ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಇರುವುದು ಅಲ್ಲೇ.