ಹೆಸರುಗಳ ಪಟ್ಟಿಯನ್ನು ಬಿಟ್ಟು ಓದಬಹುದೇ? ತಿಮ್ನಳನ್ನು ಮುಂದಿಟ್ಟುಕೊಂಡು ನನ್ನ ಉತ್ತರ

ಹೀಬ್ರೂ ಬೈಬಲನ್ನು ಮೊದಲಿನಿಂದ ಓದಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇಂಥವನ ಮಕ್ಕಳು ಇಂಥವರು ಎಂದು ಸಾಲುಸಾಲಾಗಿ ಹೆಸರುಗಳೇ ಬರುವ ಅಧ್ಯಾಯಗಳನ್ನು ಬಿಟ್ಟು ಮುಂದಕ್ಕೆ ಹೋದರೆ ಏನಾದರೂ ನಷ್ಟವಿದೆಯೇ? ಕೇಳುವವರಲ್ಲಿ ಭಕ್ತಿಯಿಂದ ಓದುವವರೂ ಇದ್ದಾರೆ, ಸಾಹಿತ್ಯವೆಂದು ಓದುವವರೂ ಇದ್ದಾರೆ. ಆದಿಕಾಂಡದ 36ನೇ ಅಧ್ಯಾಯಕ್ಕೆ ಬಂದಾಗ ಇಬ್ಬರಿಗೂ ಒಂದೇ ಬಗೆಯ ದಣಿವು. ಯಾಕೋಬನು ಅಣ್ಣ ಏಸಾವನನ್ನು ಎದುರುಗೊಂಡು ಅಪ್ಪಿಕೊಂಡದ್ದು ಮುಗಿದಿದೆ, ಯೋಸೇಫನ ಕಥೆ ಇನ್ನೇನು ಆರಂಭವಾಗಬೇಕು, ಅಷ್ಟರಲ್ಲಿ 43 ವಚನಗಳ ತುಂಬ ಏಸಾವನ ಮಕ್ಕಳು, ಮೊಮ್ಮಕ್ಕಳು, ಸೇಯೀರ್ ಸೀಮೆಯ ಕುಲನಾಯಕರು, ಏಸಾವನ ಸಂತತಿಯ ನಾಡಾದ ಎದೋಮಿನ ಅರಸರು ಸಾಲುಗಟ್ಟಿ ನಿಲ್ಲುತ್ತಾರೆ. ನನ್ನ ಉತ್ತರ ಇಷ್ಟು: ದಯವಿಟ್ಟು ಬಿಡಬೇಡಿ, ಎಲ್ಲವನ್ನೂ ಓದಲಾಗದಿದ್ದರೆ 12ನೇ ವಚನದಲ್ಲಾದರೂ ನಿಲ್ಲಿ.

ಅಲ್ಲಿರುವುದು ಇಷ್ಟೇ: ತಿಮ್ನ ಎಂಬವಳು ಏಸಾವನ ಮಗನಾದ ಎಲೀಫಜನ ಉಪಪತ್ನಿಯಾಗಿದ್ದಳು, ಅವಳು ಅವನಿಗೆ ಅಮಾಲೇಕನನ್ನು ಹೆತ್ತಳು. ಹತ್ತು ವಚನಗಳ ನಂತರ, ಆ ನಾಡಿನ ಮೂಲನಿವಾಸಿ ಸೇಯೀರನ ಮಕ್ಕಳ ಪಟ್ಟಿಯಲ್ಲಿ, ಲೋಟಾನನ ತಂಗಿ ತಿಮ್ನ ಎಂಬ ಇನ್ನೊಂದು ತುಣುಕು ಸಿಗುತ್ತದೆ. ಅವಳು ಒಂದು ಮಾತನ್ನೂ ಆಡುವುದಿಲ್ಲ, ಅವಳ ಸಾವಿನ ಸುದ್ದಿಯೂ ಇಲ್ಲ. ಆದರೂ ಎಚ್ಚರದಿಂದ ಓದುವವರಿಗೆ ಒಂದು ವಿಚಿತ್ರ ಕಾಣುತ್ತದೆ. ಎಲೀಫಜನ ಉಳಿದ ಐದು ಗಂಡುಮಕ್ಕಳ ಹೆಸರು ಹಿಂದಿನ ವಚನದಲ್ಲೇ ಇದೆ. ಅವರನ್ನು ಹೆತ್ತವರು ಯಾರೆಂದು ಗ್ರಂಥ ಹೇಳುವುದಿಲ್ಲ. ಧರ್ಮಪತ್ನಿಯ ಹೆಸರನ್ನು ಮರೆತ ಪಟ್ಟಿಯು ಉಪಪತ್ನಿಯ ಹೆಸರನ್ನು, ಅದರ ಜೊತೆಗೆ ಅವಳ ತವರನ್ನೂ ನೆನಪಿಟ್ಟುಕೊಂಡಿದೆ.

ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಾವಲ್ಲ. ಯೆಹೂದಿ ಪಂಡಿತರಾದ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮುದ್‌ನ ಸನ್ಹೆದ್ರಿನ್ ಭಾಗದ 99ನೇ ಹಾಳೆಯಲ್ಲಿ ಇದನ್ನು ಯೆಹೂದದ ಅರಸ ಮನಸ್ಸೆಯ ಬಾಯಲ್ಲಿ ಇಟ್ಟಿದ್ದಾರೆ. ಹಿಜ್ಕೀಯನ ಮಗನಾದ ಈತ 12ನೇ ವಯಸ್ಸಿನಲ್ಲಿ ಪಟ್ಟವೇರಿ 55 ವರ್ಷ ಆಳಿದವನು, ಯೆರೂಸಲೇಮಿನ ದೇವಾಲಯದೊಳಗೇ ಅನ್ಯದೇವತೆಗಳಿಗೆ ಬಲಿಪೀಠಗಳನ್ನು ಕಟ್ಟಿಸಿದನೆಂದು ಅರಸುಗಳ ಗ್ರಂಥ ದೂರುತ್ತದೆ. ತಾಲ್ಮುದ್ ಹೇಳುವ ಪ್ರಕಾರ ಅವನು ಕುಳಿತು ತೋರಾವನ್ನು, ಅಂದರೆ ಮೋಶೆಯ ಐದು ಗ್ರಂಥಗಳನ್ನು, ಹಂಗಿಸುವ ವ್ಯಾಖ್ಯಾನಗಳನ್ನು ಮಾಡುತ್ತಿದ್ದ: ‘ಲೋಟಾನನ ತಂಗಿ ತಿಮ್ನ’ ಎಂಬುದನ್ನು ಬಿಟ್ಟರೆ ಮೋಶೆಗೆ ಬರೆಯಲು ಬೇರೇನೂ ಇರಲಿಲ್ಲವೇ? ಆಗ ಆಕಾಶವಾಣಿಯೊಂದು ಕೀರ್ತನೆಯ ಮಾತುಗಳಲ್ಲಿ ಅವನನ್ನು ಗದರಿಸಿತಂತೆ. ರಬ್ಬಿಗಳು ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಹಂಗಿಸಿದವನನ್ನು ಖಂಡಿಸಿ ಮುಗಿಸಿದ ಮೇಲೆ ಅವರು ಅವನ ಪ್ರಶ್ನೆಯನ್ನೇ ಕೈಗೆತ್ತಿಕೊಂಡು, ಸರಿ, ಹಾಗಾದರೆ ಈ ತಿಮ್ನಳ ವಿಷಯವೇನು ಎಂದು ತಾವೇ ಕೇಳಿಕೊಳ್ಳುತ್ತಾರೆ. ಪ್ರಶ್ನೆ ಕೇಳಿದವನ ಉದ್ದೇಶ ಕೆಟ್ಟದ್ದಾದ ಮಾತ್ರಕ್ಕೆ ಪ್ರಶ್ನೆ ಕೆಟ್ಟದ್ದಾಗಲಿಲ್ಲ. ಈ ಒಂದು ನಡೆಗಾಗಿಯೇ ನನಗೆ ಆ ಹಾಳೆಯ ಮೇಲೆ ಅಪಾರ ಗೌರವ.

ಅವರ ಉತ್ತರ ಹೀಗಿದೆ. ತಿಮ್ನ ರಾಜಕುಮಾರಿ. ಇದಕ್ಕೆ ಆಧಾರವೂ ಅದೇ ಅಧ್ಯಾಯದಲ್ಲಿದೆ: ಲೋಟಾನನಿಗೂ, ಮುಂದೆ 40ನೇ ವಚನದಲ್ಲಿ ತಿಮ್ನ ಎಂಬ ಹೆಸರಿಗೂ ‘ಅಲ್ಲುಫ್’, ಅಂದರೆ ಕುಲನಾಯಕ ಎಂಬ ಪದವಿ ಅಂಟಿಕೊಂಡಿದೆ, ಮತ್ತು ಅಲ್ಲುಫ್ ಎಂದರೆ ಕಿರೀಟವಿಲ್ಲದ ಅರಸುತನ. ಇಂಥ ಮನೆಯ ಹೆಣ್ಣುಮಗಳು ಏಸಾವನ ಅಜ್ಜ ಅಬ್ರಹಾಮನ ದೇವರನ್ನು ನಂಬಿ ಅವನ ಜನರಲ್ಲಿ ಒಬ್ಬಳಾಗಬೇಕೆಂದು ಬಯಸಿದಳು. ಅಬ್ರಹಾಮನ ಬಳಿಗೆ, ಅವನ ಮಗ ಇಸಾಕನ ಬಳಿಗೆ, ಮೊಮ್ಮಗ ಯಾಕೋಬನ ಬಳಿಗೆ ಹೋದಳು; ಮೂವರೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅವಳು ಏಸಾವನ ಮಗ ಎಲೀಫಜನ ಮನೆಗೆ ಉಪಪತ್ನಿಯಾಗಿ ಹೋದಳು. ಬೇರೊಂದು ಜನಾಂಗದಲ್ಲಿ ಒಡತಿಯಾಗಿರುವುದಕ್ಕಿಂತ ಈ ಜನಾಂಗಕ್ಕೆ ದಾಸಿಯಾಗಿರುವುದೇ ಮೇಲು ಎಂಬುದು ಅವಳ ನಿಲುವು. ಅವಳಿಂದ ಹುಟ್ಟಿದವನು ಅಮಾಲೇಕ, ಯಾಕೋಬನ ಸಂತತಿಯಾದ ಇಸ್ರಾಯೇಲನ್ನು ಸಂಕಟಕ್ಕೆ ಗುರಿಮಾಡಿದವನು. ಹೀಗೇಕಾಯಿತು ಎಂದು ಕೇಳಿ ತಾಲ್ಮುದ್ ಒಂದೇ ಮಾತಿನಲ್ಲಿ ಮುಗಿಸುತ್ತದೆ: ಅವರು ಅವಳನ್ನು ದೂರಮಾಡಬಾರದಿತ್ತು.

ಈ ಮಾತಿನ ಭಾರ ತಿಳಿಯಬೇಕಾದರೆ ಅಮಾಲೇಕ ಎಂಬ ಹೆಸರು ಯೆಹೂದಿ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ಗೊತ್ತಿರಬೇಕು. ಐಗುಪ್ತದಿಂದ ಹೊರಬಿದ್ದ ದಾಸರ ಗುಂಪು ರೆಫೀದೀಮಿನಲ್ಲಿ ಬೀಡುಬಿಟ್ಟಾಗ ಮೊದಲು ಮೇಲೆ ಬಿದ್ದವರು ಅಮಾಲೇಕ್ಯರು. ದಣಿದು ಹಿಂದೆ ಉಳಿದ ಬಲಹೀನರನ್ನು ಅವರು ಹೊಡೆದರೆಂದು ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಹೇಳುತ್ತದೆ, ಅದನ್ನು ಮರೆಯಬೇಡಿರೆಂದು ಆಜ್ಞಾಪಿಸುತ್ತದೆ, ಅವರ ಹೆಸರನ್ನೇ ಅಳಿಸಿಹಾಕಿರೆನ್ನುತ್ತದೆ. ಆ ವಚನಗಳನ್ನು ಇಂದಿಗೂ ಪುರೀಮ್ ಹಬ್ಬಕ್ಕೆ ಮುಂಚಿನ ಸಬ್ಬತ್ತಿನಲ್ಲಿ, ಅಂದರೆ ವಾರದ ವಿಶ್ರಾಂತಿದಿನದಲ್ಲಿ, ಸಭಾಮಂದಿರಗಳಲ್ಲಿ ಗಟ್ಟಿಯಾಗಿ ಓದುತ್ತಾರೆ. ಶತ್ರು ಎಂಬ ಮಾತಿಗೇ ಪರ್ಯಾಯವಾದ ಹೆಸರು ಅದು. ಅಂಥ ಶತ್ರುವಿನ ಮೂಲವನ್ನು ಹುಡುಕಿಕೊಂಡು ಹೋದ ರಬ್ಬಿಗಳು, ಅವನ ರಕ್ತದಲ್ಲಿಯೋ ಅವನ ತಾಯಿಯ ನಡತೆಯಲ್ಲಿಯೋ ಕೇಡನ್ನು ಕಾಣಿಸಿ ಸಮಾಧಾನಪಟ್ಟುಕೊಳ್ಳಬಹುದಾಗಿದ್ದ ಕಡೆಯಲ್ಲಿ, ತಮ್ಮ ಮೂವರು ಪಿತೃಗಳ ಮನೆಬಾಗಿಲಿಗೆ ಬಂದು ನಿಂತರು. ದಿನಕ್ಕೆ ಮೂರು ಬಾರಿ ಪ್ರಾರ್ಥನೆಯಲ್ಲಿ ಯಾರ ಹೆಸರನ್ನು ಹಿಡಿದು ದೇವರನ್ನು ಕರೆಯುತ್ತಾರೋ ಅವರೇ ಈ ಮೂವರು.

ಇನ್ನೂ ನೋವಿನ ಸಂಗತಿಯೆಂದರೆ, ಅತಿಥಿಗಳನ್ನು ಓಡಿಹೋಗಿ ಎದುರುಗೊಂಡವನು, ಹಾರಾನಿನಲ್ಲಿ ಗಂಡಸರನ್ನು ದೇವರ ಬಳಿಗೆ ಕರೆತಂದವನು ಅಬ್ರಹಾಮನೆಂದೂ, ಹೆಂಗಸರನ್ನು ಕರೆತಂದವಳು ಸಾರಳೆಂದೂ ಹೇಳುವುದು ಇದೇ ರಬ್ಬಿಗಳ ಪರಂಪರೆ. ಎಲ್ಲರಿಗೂ ತೆರೆದಿದ್ದ ಗುಡಾರ ಇವಳಿಗೇಕೆ ತೆರೆಯಲಿಲ್ಲ? ಕಾರಣವನ್ನು ತಾಲ್ಮುದ್ ಹೇಳುವುದೇ ಇಲ್ಲ. ಸಮರ್ಥನೆಯೊಂದನ್ನು ಒದಗಿಸುವುದು ಸುಲಭವಾಗಿತ್ತು. ಒದಗಿಸದೆ ಬಿಟ್ಟದ್ದೇ ಆ ಕಥೆಯ ಪ್ರಾಮಾಣಿಕತೆ ಎಂದು ನಾನು ತಿಳಿಯುತ್ತೇನೆ.

ಎಲ್ಲ ವ್ಯಾಖ್ಯಾನಗಳೂ ಇಷ್ಟು ಕಠಿಣವಾಗಿಲ್ಲ. ಆದಿಕಾಂಡದ ಮಿದ್ರಾಶ್, ಅಂದರೆ ರಬ್ಬಿಗಳ ಹಳೆಯ ವ್ಯಾಖ್ಯಾನ, ಈ ವಚನದಲ್ಲಿ ಅಬ್ರಹಾಮನ ಮನೆತನದ ಹಿರಿಮೆಯನ್ನು ಮಾತ್ರ ಕಾಣುತ್ತದೆ: ಅರಸುಮಕ್ಕಳೂ ಆ ಮನೆಗೆ ಸೇರಲು ಹಂಬಲಿಸಿದರು ನೋಡಿ ಎನ್ನುತ್ತದೆ. ಫ್ರಾನ್ಸಿನ ತ್ರುವಾ ಊರಿನ ವ್ಯಾಖ್ಯಾನಕಾರ ರಾಶಿ (1040–1105) ಇದನ್ನೇ ಅನುಸರಿಸಿ, ನಿನ್ನನ್ನು ಮದುವೆಯಾಗುವ ಯೋಗ್ಯತೆ ನನಗಿಲ್ಲ, ಉಪಪತ್ನಿಯಾದರೂ ಆದರೆ ಸಾಕು ಎಂದು ಅವಳಿಂದ ಹೇಳಿಸುತ್ತಾನೆ. ಪೂರ್ವಕಾಲವೃತ್ತಾಂತದ ಮೊದಲ ಅಧ್ಯಾಯದಲ್ಲಿ ತಿಮ್ನ ಎಂಬ ಹೆಸರು ಎಲೀಫಜನ ಮಕ್ಕಳ ಸಾಲಿನಲ್ಲೇ ಬರುವುದರಿಂದ ರಾಶಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಎಲೀಫಜನು ಸೇಯೀರನ ಹೆಂಡತಿಯನ್ನು ಕೂಡಿದಾಗ ಹುಟ್ಟಿದವಳೇ ತಿಮ್ನ, ಬೆಳೆದ ಮೇಲೆ ಅವನಿಗೇ ಉಪಪತ್ನಿಯಾದಳು ಎಂದು ಹಳೆಯ ಮಿದ್ರಾಶ್ ಒಂದರ ಬಲದಿಂದ ಅವನು ಅದನ್ನು ಬಿಡಿಸುತ್ತಾನೆ. ಈ ಕಥೆಗೂ ತಾಲ್ಮುದ್‌ನ ಕಥೆಗೂ ಹೊಂದಿಕೆಯಿಲ್ಲ. ವರ್ಷಗಳ ಲೆಕ್ಕವನ್ನು ಹಿಡಿದರೂ ಕಷ್ಟವೇ: ಗ್ರಂಥದ ಪ್ರಕಾರ ಅಬ್ರಹಾಮನು 175ನೇ ವಯಸ್ಸಿನಲ್ಲಿ ತೀರಿಕೊಂಡಾಗ ಮೊಮ್ಮಗ ಏಸಾವನಿಗೆ 15 ವರ್ಷ, ಹಾಗಿರುವಾಗ ಅಬ್ರಹಾಮನ ಬಾಗಿಲು ತಟ್ಟಿದವಳು ಏಸಾವನ ಮಗನ ಮನೆ ಸೇರಿ ತಾಯಾದಳೆಂದರೆ ಅವಳು ಏಸಾವನಿಗಿಂತಲೂ ಹಿರಿಯಳಿರಬೇಕಾಗುತ್ತದೆ. ಇತಿಹಾಸವನ್ನು ಹುಡುಕುವವರಿಗೆ ಇದು ಸಮಸ್ಯೆ. ರಬ್ಬಿಗಳು ಕಟ್ಟುತ್ತಿದ್ದುದು ಕಾಲಗಣನೆಯಲ್ಲ, ತಪ್ಪಿನ ಮೂಲವನ್ನು ಹುಡುಕುವ ಆತ್ಮಪರೀಕ್ಷೆ ಎಂದು ಓದಿದರೆ ಈ ಲೆಕ್ಕ ಅಡ್ಡಬರುವುದಿಲ್ಲ.

1204ರಲ್ಲಿ ತೀರಿಕೊಂಡ ಯೆಹೂದಿ ತತ್ತ್ವಜ್ಞಾನಿ ಮೈಮೋನಿಡೀಸ್ ಈ ಹೆಸರಿಗೆ ಎರಡು ಕಡೆ ಬರುತ್ತಾನೆ. ನಂಬಿಕೆಯ ಹದಿಮೂರು ತತ್ತ್ವಗಳಲ್ಲಿ ಎಂಟನೆಯದನ್ನು ವಿವರಿಸುವಾಗ, ‘ತಿಮ್ನ ಉಪಪತ್ನಿಯಾಗಿದ್ದಳು’ ಎಂಬ ಮಾತಿಗೂ ‘ಇಸ್ರಾಯೇಲೇ, ಕೇಳು’ ಎಂಬ ಮಹಾವಾಕ್ಯಕ್ಕೂ ಪಾವಿತ್ರ್ಯದಲ್ಲಿ ಭೇದವಿಲ್ಲ ಎನ್ನುತ್ತಾನೆ. ತೋರಾದಲ್ಲಿ ತಿರುಳೂ ಸಿಪ್ಪೆಯೂ ಬೇರೆಬೇರೆ ಇವೆ ಎಂದು ಭಾವಿಸಿದ್ದೇ ಮನಸ್ಸೆಯ ದೋಷ ಎಂಬುದು ಅವನ ಅಭಿಪ್ರಾಯ. ‘ಗೊಂದಲಕ್ಕೊಳಗಾದವರ ಮಾರ್ಗದರ್ಶಿ’ಯ ಮೂರನೆಯ ಭಾಗದಲ್ಲಿ ಅವನ ಕಾರಣ ಇನ್ನೂ ನೇರ: ಅಮಾಲೇಕ್ಯರನ್ನು ಅಳಿಸಬೇಕೆಂಬ ಕಟ್ಟಳೆ ಏಸಾವನ ಬೇರೆ ಸಂತತಿಗಳ ಮೇಲೆ ಬೀಳದಿರಲೆಂದೇ ಈ ವಂಶಾವಳಿಯನ್ನು ಅಷ್ಟು ಕೂಲಂಕಷವಾಗಿ ಬರೆಯಲಾಯಿತು, ಆ ಕಟ್ಟಳೆ ತಿಮ್ನಳ ಮಗನ ಶಾಖೆಯನ್ನು ದಾಟಬಾರದು. ಅವನ ಓದಿನಲ್ಲಿ ನೀರಸವೆನಿಸುವ ಪಟ್ಟಿ ಜೀವಗಳನ್ನು ಉಳಿಸುವ ಗಡಿರೇಖೆಯಾಗುತ್ತದೆ. ಎದೋಮ್ಯನನ್ನು ಅಸಹ್ಯಿಸಬೇಡ, ಅವನು ನಿನ್ನ ಸಹೋದರ ಎಂಬ ಮಾತೂ ಧರ್ಮೋಪದೇಶಕಾಂಡದಲ್ಲಿಯೇ ಇದೆ.

ತಿಮ್ನಳ ಪಕ್ಕದಲ್ಲಿ ರೂತಳನ್ನು ನಿಲ್ಲಿಸಿ ನೋಡದೆ ನನಗೆ ಇರಲಾಗುವುದಿಲ್ಲ. ಅವಳೂ ಪರಜನಾಂಗದವಳು, ಮೋವಾಬ್ಯಳು. ಮೋವಾಬ್ಯರು ಸಭೆಗೆ ಸೇರಬಾರದೆಂಬ ವಚನವೇ ಇತ್ತು. ಅತ್ತೆ ನೊವೊಮಿ ಹಿಂದಿರುಗಿ ಹೋಗೆಂದು ಮೂರು ಸಲ ಹೇಳಿದಳು, ರೂತಳು ಹೋಗಲಿಲ್ಲ, ನೊವೊಮಿ ಸುಮ್ಮನಾದಳು. ಸೇರಬಯಸಿ ಬಂದವರನ್ನು ಮೂರು ಸಲ ಹಿಂದಕ್ಕೆ ಕಳಿಸಿ, ಆಮೇಲೂ ಪಟ್ಟುಹಿಡಿದರೆ ಒಪ್ಪಿಕೊಳ್ಳಬೇಕೆಂಬ ಪಾಠವನ್ನು ರಬ್ಬಿಗಳು ಅಲ್ಲಿಂದ ಹೊರಡಿಸಿದರು. ತಿಮ್ನಳೂ ಮೂರು ಬಾಗಿಲುಗಳಿಂದ ಹಿಂದಿರುಗಿದವಳು. ಅವಳಿಗೆ ನಾಲ್ಕನೆಯ ಬಾಗಿಲು ಇರಲಿಲ್ಲ. ಒಬ್ಬಳು ಅರಸ ದಾವೀದನ ಮುತ್ತಜ್ಜಿಯಾದಳು, ಇನ್ನೊಬ್ಬಳು ಅಮಾಲೇಕನ ತಾಯಿಯಾದಳು. ತಾಲ್ಮುದ್‌ನ ಯೆವಾಮೋತ್ ಭಾಗದ ವಿಧಿಯಂತೆ, ಈ ಜನರು ಕಷ್ಟದಲ್ಲಿದ್ದಾರೆಂದು ನಿನಗೆ ತಿಳಿದಿಲ್ಲವೇ ಎಂದು ಬಂದವನನ್ನು ಕೇಳಬೇಕು. ತಿಳಿದಿದೆ, ಆದರೆ ನಾನು ಯೋಗ್ಯನಲ್ಲ ಎಂದು ಅವನು ಉತ್ತರಿಸಿದರೆ ಆ ಕ್ಷಣವೇ ಸ್ವೀಕರಿಸಬೇಕು. ರಾಶಿ ತಿಮ್ನಳ ಬಾಯಿಂದ ಹೇಳಿಸಿದ ಮಾತು ಹೆಚ್ಚುಕಡಿಮೆ ಅದೇ ಆಗಿತ್ತು.

ಅವಳ ಹೆಸರಿನ ಬಗ್ಗೆ ಒಂದು ಮಾತನ್ನು ಸೇರಿಸುತ್ತೇನೆ. ತಾಲ್ಮುದ್‌ನ ಆ ಹಾಳೆಯಲ್ಲಿ ಇದಿಲ್ಲ, ನನ್ನ ಕಣ್ಣಿಗೆ ಬಿದ್ದದ್ದು. ಜ್ಞಾನೋಕ್ತಿಗಳ 3ನೇ ಅಧ್ಯಾಯದ 27ನೇ ವಚನ, ಸಲ್ಲಬೇಕಾದವರಿಗೆ ಒಳಿತನ್ನು ತಡೆಹಿಡಿಯಬೇಡ ಎನ್ನುತ್ತದೆ. ಹೀಬ್ರೂವಿನಲ್ಲಿ ಅದರ ಮೊದಲ ಮಾತು ‘ಅಲ್ ತಿಮ್ನ’. ಅಕ್ಷರಗಳೂ ಸ್ವರಚಿಹ್ನೆಗಳೂ ಅವಳ ಹೆಸರಿನವೇ.

ಇನ್ನು ಅವಳ ಸಂತತಿಯ ವಿಷಯ. ಇಸ್ರಾಯೇಲಿನ ಮೊದಲ ಅರಸ ಸೌಲನು ಸೆರೆಹಿಡಿದ ಅಮಾಲೇಕ್ಯರ ಅರಸ ಅಗಾಗ. ಎಸ್ತೇರಳ ಕಥೆಯಲ್ಲಿ ಯೆಹೂದ್ಯರೆಲ್ಲರನ್ನೂ ಒಂದೇ ದಿನದಲ್ಲಿ ಕೊಲ್ಲಿಸಹೊರಟ ಹಾಮಾನನನ್ನು ಗ್ರಂಥ ಅಗಾಗನ ವಂಶದವನೆಂದು ಕರೆಯುತ್ತದೆ. ಅದೇ ಹಾಮಾನನ ಬಗ್ಗೆ ತಾಲ್ಮುದ್‌ನ ಗಿಟ್ಟೀನ್ ಭಾಗದಲ್ಲಿ ಒಂದು ಸಾಲಿದೆ, ಸನ್ಹೆದ್ರಿನ್ ಭಾಗದಲ್ಲೂ ಅದು ಮತ್ತೆ ಬರುತ್ತದೆ. ಅದೂ ಒಂದು ಪಟ್ಟಿಯ ನಡುವಿನ ಸಾಲೇ, ಬೇಗ ಓದುವವರು ದಾಟಿ ಹೋಗುವಂಥದ್ದು. ಹಾಮಾನನ ಮೊಮ್ಮಕ್ಕಳ ಪೈಕಿ ಕೆಲವರು ಬೆನೇ ಬೆರಾಕ್‌ನಲ್ಲಿ, ಅಂದರೆ ರಬ್ಬಿ ಅಕೀವಾ ಪಾಠ ಹೇಳುತ್ತಿದ್ದ ಊರಿನಲ್ಲಿ, ಕುಳಿತು ತೋರಾವನ್ನು ಅಭ್ಯಾಸ ಮಾಡಿದರು.